ಏಳು ಕಿಲೋ ಇನ್ನೂರು ಗ್ರಾಂ ಬುತ್ತಿ ಮತ್ತು ಒಂದು ದ್ವೀಪ

ಜಕ್ಕೂರಿನಿಂದ ನಾವು ಹೊರಟದ್ದು ಬೆಳಿಗ್ಗೆ ಏಳು ಹತ್ತಕ್ಕೆ ಎಂದು ನನ್ನ ಲಾಗ್‌ಬುಕ್ ಹೇಳುತ್ತದೆ. ನನ್ನ ನೆನಪಿನಲ್ಲಿ ಆಗ ರನ್‌ವೇ ಮೇಲೆ ತೆಳ್ಳಗೆ ಮಂಜಿತ್ತು, ಬಳ್ಳಾರಿ ರಸ್ತೆಯ ಫ್ಲೈಓವರ್ ಅರ್ಧ ಮುಳುಗಿತ್ತು. ಮಂಜಿದ್ದರೆ ನಮ್ಮನ್ನು ಹಾರಲು ಬಿಡುತ್ತಲೇ ಇರಲಿಲ್ಲ. ಆದ್ದರಿಂದ ಮಂಜನ್ನು ತೆಗೆದುಬಿಡುತ್ತೇನೆ, ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಈ ಬರಹದಲ್ಲಿ ಗಂಟೆ, ಲೀಟರು, ಕಿಲೋ ಬಂದ ಕಡೆಯೆಲ್ಲ ಲಾಗ್‌ಬುಕ್ ನೋಡಿ ಬರೆದಿದ್ದೇನೆ. ಮಾತು ಬಂದ ಕಡೆ ಹೋದ ಮೂವರಲ್ಲಿ ಒಮ್ಮತವಿಲ್ಲ.

ಮೂವರು ಎಂದರೆ ನಾನು, ನನ್ನ ಗಂಡ ಬಸು, ಅವನ ಅಕ್ಕ ಗಂಗಕ್ಕ. ನಾನು ಆರ್.ಟಿ. ನಗರದಲ್ಲಿ ಹಲ್ಲಿನ ಡಾಕ್ಟರು. ಬ್ಯಾಟರಾಯನಪುರದಲ್ಲಿ ಹುಟ್ಟಿ, ಜಕ್ಕೂರಿನ ಪುಟ್ಟ ವಿಮಾನಗಳು ತಲೆ ಮೇಲೆ ಸುತ್ತುವುದನ್ನು ನೋಡುತ್ತ ಬೆಳೆದವಳು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ತೆಗೆದುಕೊಂಡೆ. ಇಬ್ಬರು ಗೆಳೆಯರ ಜೊತೆ ಸೇರಿ ಒಂದು ಹಳೆಯ ವಿಮಾನ ಕೊಂಡಿದ್ದೇನೆ. ನಾಲ್ಕು ಸೀಟು, ಒಂದೇ ಎಂಜಿನ್, ಬಾಗಿಲು ಹಾಕಿದರೆ ಹಳೆಯ ಕಾರಿನ ಸದ್ದು. ಬಸು ಯಲಹಂಕದ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್, ಬಾಗಲಕೋಟೆ ಕಡೆಯವನು. ಆರು ವರ್ಷ ಅವನು ಗೇಟಿನವರೆಗೆ ಬಂದು, ನನ್ನ ಬ್ಯಾಗು ಕೈಗೆ ಕೊಟ್ಟು, ಸ್ಕೂಟರ್ ತಿರುಗಿಸಿಕೊಂಡು ಹೋಗಿದ್ದಾನೆ. ಒಮ್ಮೆಯೂ ಹತ್ತಿರಲಿಲ್ಲ. ಭಯ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಲಕ್ಷದ್ವೀಪದ ಅಗತ್ತಿಗೆ ಹೋಗೋಣ ಎಂದದ್ದು ಗಂಗಕ್ಕ. ಅವರು ಟಿ. ದಾಸರಹಳ್ಳಿಯಲ್ಲಿದ್ದುಕೊಂಡು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಿಡಿಭಾಗಗಳನ್ನು ಅಳೆದು ಪಾಸು, ಫೇಲು ಮಾಡುವ ಕೆಲಸ ಮಾಡಿ ಆಗತಾನೇ ನಿವೃತ್ತರಾಗಿದ್ದರು. ಬಸು ಒಪ್ಪಿದ್ದು ಅಕ್ಕನ ಮುಖ ನೋಡಿ. ಒಪ್ಪುವಾಗ ಒಂದು ಷರತ್ತು ಹಾಕಿದ.

"ಇದೊಂದ ಸಲ ಬರ್ತೀನಿ ಶೈಲಾ. ನಡುವ ಎಲ್ಲಾರ ತಿರುಗಿಸಿದಿ ಅಂದ್ರ ಏನೋ ಕೆಟ್ಟೈತಿ ಅಂತ ತಿಳ್ಕೋತೀನಿ. ಆಮ್ಯಾಲೆ ಯಾವತ್ತೂ ನನ್ನ ಕರೀಬ್ಯಾಡ."

ನನಗೆ ದ್ವೀಪಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಪಕ್ಕದ ಸೀಟಿನಲ್ಲಿ ಅವನು. ಹೂಂ ಎಂದೆ.

ಸಿದ್ಧತೆಗೆ ಏಳು ತಿಂಗಳು ಹಿಡಿಯಿತು. ದ್ವೀಪಕ್ಕೆ ಕಾಲಿಡಲು ಪರವಾನಗಿ ಬೇಕು, ಇಳಿಯಲು ಬೇರೆ ಅನುಮತಿ ಬೇಕು. ಕೊಚ್ಚಿಯಲ್ಲಿ ನಮ್ಮ ಎಂಜಿನ್ನಿಗೆ ಬೇಕಾದ ಪೆಟ್ರೋಲನ್ನು ಮೊದಲೇ ಹೇಳಿ ಇಡಿಸಬೇಕು. ದ್ವೀಪದಲ್ಲಿ ಆ ಪೆಟ್ರೋಲ್ ಸಿಗುವುದಿಲ್ಲ. ಎಂದರೆ ಕೊಚ್ಚಿಯಲ್ಲಿ ತುಂಬಿಸಿದ್ದರಲ್ಲೇ ಹೋಗಿ ಬರಬೇಕು, ಹೋಗಲು ನಾನೂರ ಅರವತ್ತು ಕಿಲೋಮೀಟರ್, ಬರಲು ಅಷ್ಟೇ. ನಕ್ಷೆಯಲ್ಲಿ ಸಮುದ್ರದ ನಟ್ಟನಡುವೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದೆ. ಹೊರಟು ಒಂದು ಗಂಟೆ ಇಪ್ಪತ್ತೈದು ನಿಮಿಷದೊಳಗೆ ಆ ಗೆರೆ ತಲುಪಿದರೆ ಮುಂದಕ್ಕೆ. ಎದುರುಗಾಳಿಯಿಂದ ತಡವಾದರೆ, ಮರಳಿ ಬರಲು ಪೆಟ್ರೋಲ್ ಸಾಲದೇ ಹೋಗಬಹುದು, ಆಗ ವಾಪಸ್. ಈ ಲೆಕ್ಕ ಟ್ಯಾಂಕು ತುಂಬಿದ್ದರೆ ಮಾತ್ರ. ಟ್ಯಾಂಕು ತುಂಬಬೇಕಾದರೆ ಮೂವರ ತೂಕ, ರಬ್ಬರ್ ದೋಣಿ, ಲೈಫ್ ಜಾಕೆಟ್ ಕಳೆದು ಸಾಮಾನಿಗೆ ಉಳಿಯುವುದು ಹದಿನೆಂಟು ಕಿಲೋ.

ತೂಕ ಹಾಕಿಸಿದ್ದು ಕೊಡಿಗೇಹಳ್ಳಿಯ ಗುಜರಿ ಅಂಗಡಿಯಲ್ಲಿ. ಅಲ್ಲಿನ ಮಂಜಣ್ಣನ ತಕ್ಕಡಿ ಹಳೇ ಫ್ರಿಜ್ಜಿಗೂ ಸುಳ್ಳು ಹೇಳುವುದಿಲ್ಲ. ಬಸು ತನ್ನ ತೂಕ ಎಪ್ಪತ್ತೊಂಬತ್ತು ಎಂದು ಬರೆಸಿದ್ದ.

"ಇಂಗೆ ನಿಂತ್ಕಳಿ ಸಾರ್, ಅಲ್ಲಾಡ್ಬೇಡಿ," ಎಂದ ಮಂಜಣ್ಣ. ಆಮೇಲೆ ನನ್ನ ಕಡೆ ತಿರುಗಿ, "ಎಂಬತ್ತಾರು ಮೇಡಂ. ಕಬ್ಣದ್ ರೇಟಾ, ಪ್ಲಾಸ್ಟಿಕ್ ರೇಟಾ?"

"ಚಪ್ಪಲಿ ಭಾರ ಅದಾವು," ಎಂದ ಬಸು.

ಗಂಗಕ್ಕ ಸೊಂಟದ ಮೇಲೆ ಕೈಯಿಟ್ಟು ನಕ್ಕರು. ಅವರ ಬ್ಯಾಗು ನಾಲ್ಕೂವರೆ ಕಿಲೋ, ಎಲ್ಲರಿಗಿಂತ ಕಡಿಮೆ. ನಾನು ಮೆಚ್ಚಿ ಬರೆದುಕೊಂಡೆ.

ಮೊದಲ ದಿನ ಕೊಚ್ಚಿಯವರೆಗೆ ಎರಡು ಗಂಟೆ ಐದು ನಿಮಿಷ. ಹೆಬ್ಬಾಳದ ಕೆರೆ ಒಂದು ಒಡೆದ ಕನ್ನಡಿಯ ಚೂರಿನ ಹಾಗೆ ಎಡಕ್ಕೆ ಹೋಯಿತು. ಬಸು ಹೊಸೂರು ದಾಟುವವರೆಗೆ ಕಣ್ಣು ತೆರೆಯಲಿಲ್ಲ. ಕೈಗೆ ಏನಾದರೂ ಕೆಲಸವಿದ್ದರೆ ಭಯ ಕಡಿಮೆ ಎಂದು ಅವನಿಗೆ ಸ್ಟಾಪ್‌ವಾಚ್ ಗಡಿಯಾರ ಕೊಟ್ಟಿದ್ದೆ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಸಮಯ ಓದಬೇಕು. ಪಾಲಕ್ಕಾಡಿನ ಬೆಟ್ಟಗಳ ಸಂದಿನಲ್ಲಿ ವಿಮಾನ ಕುಲುಕಿದಾಗಲೂ ಬಿಡದೆ ಓದಿದ, ವಾರ್ತೆ ಓದುವವರ ದನಿಯಲ್ಲಿ. ಹಿಂದಿನ ಸೀಟಿನಲ್ಲಿ ಗಂಗಕ್ಕ ತೊಡೆಯ ಮೇಲೆ ಒಂದು ಬಟ್ಟೆ ಚೀಲವಿಟ್ಟುಕೊಂಡು ಶಾಲು ಹೊದ್ದು ಕೂತಿದ್ದರು. ಸ್ವೆಟರ್ ಇರಬೇಕು ಎಂದುಕೊಂಡೆ.

ಎರಡನೆಯ ದಿನ ಬೆಳಿಗ್ಗೆ ಪೆಟ್ರೋಲ್ ತುಂಬಿಸುವಾಗ ಆ ಚೀಲ ಸರಿಸಲು ಹೋದೆ. ಒಂದು ಕೈಗೆ ಏಳಲಿಲ್ಲ.

"ಅಕ್ಕಾ, ಏನಿದೆ ಇದ್ರಲ್ಲಿ?"

"ಬುತ್ತಿ."

ಬಿಚ್ಚಿದೆ. ಐವತ್ತು ಕಡಕ್ ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಶೇಂಗಾ ಚಟ್ನಿಪುಡಿ, ಎಳ್ಳುಂಡಿ, ಹಚ್ಚಿದ ಅವಲಕ್ಕಿ, ಎಲ್ಲ ಸ್ಟೀಲ್ ಡಬ್ಬಿಗಳಲ್ಲಿ. ನನ್ನ ಕೈತಕ್ಕಡಿಗೆ ನೇತುಹಾಕಿದರೆ ಏಳು ಕಿಲೋ ಇನ್ನೂರು.

"ಮಂಜಣ್ಣನ ಹತ್ರ ಯಾಕೆ ತೂಗಿಸಲಿಲ್ಲ?"

"ನೀ ಸಾಮಾನು ತೂಗಸು ಅಂದಿ, ತೂಗಿಸಿದೆ. ಬುತ್ತಿ ಏನು ಸಾಮಾನೇನ? ಬುತ್ತಿ ಅಂದ್ರ ಬುತ್ತಿ." ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಅಲ್ಲಿ ಬರೇ ಮೀನ ಅಂತ. ನಿನ್ನ ಗಂಡ ನೀರು ಕುಡದು ಬರ್ಲೇನು?"

ನೂಲೆಳೆಯಷ್ಟು ವ್ಯತ್ಯಾಸಕ್ಕೆ ಕಬ್ಬಿಣದ ತುಂಡನ್ನು ಪಕ್ಕಕ್ಕೆ ಎಸೆಯುತ್ತಿದ್ದ ಕೈ ಅದು. ಆದರೆ ಅವರ ಮನೆಯಲ್ಲಿ ಬುತ್ತಿಯಿಲ್ಲದೆ ಯಾರೂ ಹೊಸ್ತಿಲು ದಾಟಿದವರಲ್ಲ, ಅದನ್ನು ಭಾರ ಎಂದು ಯಾರೂ ಎಣಿಸಿದವರೂ ಅಲ್ಲ. ಎರಡು ದಿನ ಕೂತು ರೊಟ್ಟಿ ತಟ್ಟಿದ್ದರು. ಬಿಟ್ಟು ಹೋಗೋಣ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಪೆಟ್ರೋಲ್ ಹತ್ತು ಲೀಟರ್ ಕಡಿಮೆ ಹಾಕಿಸಿದೆ, ತೂಕ ಸರಿಹೋಯಿತು. ಹತ್ತು ಲೀಟರ್ ಎಂದರೆ ಹದಿನೇಳು ನಿಮಿಷದ ಹಾರಾಟ, ಹೋಗಲು ಅರ್ಧ, ಬರಲು ಅರ್ಧ. ಕೆಂಪು ಗೆರೆಯ ಗಡುವನ್ನು ಒಂದು ಗಂಟೆ ಹದಿನಾರು ನಿಮಿಷಕ್ಕೆ ತಿದ್ದಿ, ಬಸುವಿಗೂ ತೋರಿಸಿದೆ. ತಪ್ಪು ಗಂಗಕ್ಕನದ್ದಲ್ಲ. ವಿಮಾನದ ಜವಾಬ್ದಾರಿ ನನ್ನದು, ದಾಕ್ಷಿಣ್ಯವೂ ನನ್ನದೇ.

ಏಳು ನಲವತ್ತಕ್ಕೆ ಹೊರಟೆವು. ತೆಂಗಿನ ಸಾಲು, ಮೀನು ದೋಣಿಗಳು, ಆಮೇಲೆ ಏನೂ ಇಲ್ಲ. ನೆಲ ಕಾಣದಾದ ಕೂಡಲೇ ಎಂಜಿನ್ನಿನ ಸದ್ದು ಬೇರೆಯಾಗಿ ಕೇಳಿಸುತ್ತದೆ ಎಂದು ಹಳೆಯ ಪೈಲಟ್‌ಗಳು ಹೇಳುತ್ತಿದ್ದರು. ಹಾಗೇ ಆಯಿತು. ಮೀಟರುಗಳೆಲ್ಲ ಸರಿಯಾಗಿಯೇ ಇದ್ದವು, ಕಿವಿ ಮಾತ್ರ ನಂಬಲಿಲ್ಲ. ಆರೂವರೆ ಸಾವಿರ ಅಡಿಯಲ್ಲಿ ಆಕಾಶ, ಸಮುದ್ರ ಎರಡೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಗಾಳಿ ಎದುರಿನಿಂದ, ಅಂದಾಜಿಗಿಂತ ಜೋರಾಗಿತ್ತು.

ನಲವತ್ತು ನಿಮಿಷವಾದ ಮೇಲೆ ಬಸು ತಾನಾಗಿಯೇ ಕಿಟಕಿಯ ಕಡೆ ವಾಲಿದ. "ಅಕ್ಕಾ, ಕೆಳಗ ನೋಡು, ಹಡಗ. ಒಂದು ಅಕ್ಕಿಕಾಳಿನಷ್ಟ ಐತಿ." ಅವನ ದನಿಯಲ್ಲಿ ವಾರ್ತೆ ಇರಲಿಲ್ಲ.

ಗೆರೆ ಬಂತು. "ಟೈಮ್?" ಎಂದೆ.

ಬಸು ಗಡಿಯಾರ ನೋಡಿದ. ಹದಿನಾರು ಎಂದಿದ್ದರೆ ನಾನು ಹೋಗುತ್ತಿದ್ದೆ. ಅವನಿಗದು ಗೊತ್ತಿತ್ತು. "ಒಂದು ತಾಸು, ಇಪ್ಪತ್ತೊಂದು ನಿಮಿಷ," ಎಂದ.

ಇಲ್ಲಿಂದ ಮೂರು ಕಥೆಗಳಿವೆ. "ವಾಪಸ್ ಹೋಗ್ತಿದೀವಿ," ಎಂದು ನಾನು ಸ್ಪಷ್ಟವಾಗಿ ಹೇಳಿದೆ ಎಂಬುದು ನನ್ನ ಕಥೆ. ತಾನೇ "ತಿರುಗಸು" ಎಂದೆ ಎನ್ನುತ್ತಾನೆ ಬಸು. ಇಬ್ಬರೂ ಬಾಯಿ ಬಿಡಲಿಲ್ಲ, ಸೂರ್ಯ ಮಾತ್ರ ಈ ಕಿಟಕಿಯಿಂದ ಆ ಕಿಟಕಿಗೆ ಹೋದ ಎನ್ನುತ್ತಾರೆ ಗಂಗಕ್ಕ. ಲಾಗ್‌ಬುಕ್ಕಿನಲ್ಲಿ ಇರುವುದು ಒಂದೇ ಸಾಲು: ಗೆರೆಯಿಂದ ಮರಳಿದ್ದು, ಒಂಬತ್ತು ಗಂಟೆ ಒಂದು ನಿಮಿಷ. ತಿರುಗಿದ ಮೇಲೆ ಬಸು ಸಮಯ ಓದಲಿಲ್ಲ. ಅವನ ಷರತ್ತು ನನ್ನ ಕಿವಿಯಲ್ಲಿ ಎಂಜಿನ್ನಿಗಿಂತ ಜೋರಾಗಿ ಓಡುತ್ತಿತ್ತು.

ಮಧ್ಯಾಹ್ನ ಕೊಚ್ಚಿಯ ಹೋಟೆಲ್ ಕೋಣೆಯಲ್ಲಿ ಹಾಸಿಗೆಯ ಮೇಲೆ ಪೇಪರ್ ಹಾಸಿ ಅದೇ ಬುತ್ತಿ ಉಂಡೆವು.

"ಇದು ಎಷ್ಟು ನಿಮಿಷದ್ದು ಅಂದಿ?" ಎಂದರು ಗಂಗಕ್ಕ.

"ಹದಿನೇಳು."

"ಇದಿರಲಿಲ್ಲಾಂದ್ರ ಹೋಗ್ತಿದ್ವಿ?"

"ಗಡುವು ಇಪ್ಪತ್ತೈದಾಗಿರ್ತಿತ್ತು. ನಾವು ಬಂದದ್ದು ಇಪ್ಪತ್ತೊಂದಕ್ಕೆ. ಹೋಗ್ತಿದ್ವಿ ಅಕ್ಕ."

ಅವರು ಕೈಯಲ್ಲಿದ್ದ ಹೋಳಿಗೆಯನ್ನು ಎರಡೂ ಕಡೆ ತಿರುಗಿಸಿ ನೋಡಿದರು, ಪೀಣ್ಯದಲ್ಲಿ ತುಂಡುಗಳನ್ನು ನೋಡುತ್ತಿದ್ದ ಹಾಗೆ. "ಹಂಗಾರ ರಿಜೆಕ್ಟ್," ಎಂದು ಬಾಯಿಗೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಮತ್ತೊಮ್ಮೆ ಹೊರಡಲು ಅನುಮತಿ ಸಿಕ್ಕಿತು. ಬಸುವನ್ನು ನಾನು ಕರೆಯಲಿಲ್ಲ, ಕರೆಯಬೇಡ ಎಂದಿದ್ದನಲ್ಲ. ಅವನು ಊರಿಗೆ ಮರಳಲೆಂದು ರೈಲಿನ ಸಮಯ ನೋಡಿಟ್ಟಿದ್ದೆ, ಹೇಳಲು ಬಾಯಿ ಬಂದಿರಲಿಲ್ಲ. ವಿಮಾನದ ಸುತ್ತ ತಪಾಸಣೆ ಮುಗಿಸಿ ಬರುವಷ್ಟರಲ್ಲಿ ಅವನು ಹಳದಿ ಲೈಫ್ ಜಾಕೆಟ್ ಹಾಕಿಕೊಂಡು ಬಲಗಡೆ ಸೀಟಿನಲ್ಲಿ ಕೂತು ಗಡಿಯಾರಕ್ಕೆ ಕೀ ಕೊಡುತ್ತಿದ್ದ.

"ಬರ್ತೀಯಾ?" ಎಂದೆ.

"ತಿರುಗಿಸಿದ್ಯಲ್ಲ, ಅದಕ್ಕ ಬರಾಕತ್ತೀನಿ."

ಈ ಮಾತು ನಾನು ಕೇಳಿದ್ದು ಎಂದು ಹೇಳುತ್ತೇನೆ. ಬಸು ಒಪ್ಪುವುದಿಲ್ಲ. "ಕೊಚ್ಚಿಯಾಗ ಒಬ್ನ ಕುಂತು ಏನ್ ಮಾಡ್ಲಿ ಅಂದಿದ್ದೆ, ಅಷ್ಟ," ಎನ್ನುತ್ತಾನೆ. ನನಗೆ ಬೇಕಾದ ಮಾತನ್ನು ನಾನೇ ಅವನ ಬಾಯಿಗೆ ಹಾಕಿರಬಹುದು. ಆದರೆ ಸೀಟಿನಲ್ಲಿ ಎಂಬತ್ತಾರು ಕಿಲೋ ಇದ್ದದ್ದು ನಿಜ.

ಅತ್ತ ಗಂಗಕ್ಕ ಪೆಟ್ರೋಲ್ ಹಾಕುವವರಿಗೆ ರೊಟ್ಟಿ ಹಂಚುತ್ತಿದ್ದರು. ಒಬ್ಬ ಮುರಿದು ನೋಡಿ "ಪಪ್ಪಡಮಾ?" ಎಂದ. "ಪಪ್ಪಡ ಅಲ್ಲೋ ಯಪ್ಪಾ, ಊಟ," ಎಂದು ಅವನ ಕೈಗೆ ಚಟ್ನಿಪುಡಿ ಸುರಿದರು. ಅವನ ಕಣ್ಣಲ್ಲಿ ನೀರು ಬಂತು, ಮತ್ತೆ ಕೈಯೊಡ್ಡಿದ. ಡಬ್ಬಿಗಳನ್ನೂ ಅಲ್ಲೇ ಬಿಟ್ಟರು. ಹತ್ತುವ ಮೊದಲು ಸಣ್ಣ ಪೊಟ್ಟಣವೊಂದನ್ನು ನನ್ನ ಮುಂದೆ ಹಿಡಿದರು. "ಇನ್ನೂರು ಗ್ರಾಂ. ಬರ್ಕೋ."

ಬರೆದುಕೊಂಡೆ. ಟ್ಯಾಂಕು ತುಂಬಿತ್ತು. ಎದುರುಗಾಳಿಯೂ ತಗ್ಗಿತ್ತು, ಗೆರೆಗೆ ಒಂದು ಗಂಟೆ ಹನ್ನೆರಡು ನಿಮಿಷಕ್ಕೇ ತಲುಪಿದೆವು. ಅಂದರೆ ಆ ದಿನ ಬುತ್ತಿ ಇದ್ದಿದ್ದರೂ ಹೋಗುತ್ತಿದ್ದೆವು. ಗಂಗಕ್ಕನಿಗೆ ಇದನ್ನು ಹೇಳಲಿಲ್ಲ.

ಅಗತ್ತಿ ಕಂಡದ್ದು ಮೊದಲು ಬಣ್ಣವಾಗಿ. ಕಡುನೀಲಿಯಲ್ಲಿ ಒಂದು ತಿಳಿಹಸಿರು ಕಲೆ, ಅದರ ಅಂಚಿಗೆ ಬಿಳಿ, ಬಿಳಿಯ ಮೇಲೆ ತೆಂಗು. ದ್ವೀಪದ ತುದಿಯಲ್ಲಿ ನೆಲದ ಅಗಲವೆಲ್ಲ ರನ್‌ವೇಗೇ ಸರಿಹೋಗಿದೆ, ಎರಡೂ ಕಡೆ ನೀರು. ಸಮುದ್ರದ ಮೇಲೆಯೇ ಇಳಿಯುತ್ತಿದ್ದೇವೆ ಅನಿಸುತ್ತಿರುವಾಗಲೇ, ಕೊನೆಯ ಗಳಿಗೆಯಲ್ಲಿ ಚಕ್ರಕ್ಕೆ ಡಾಂಬರು ಸಿಕ್ಕಿತು. "ಎರಡು ತಾಸು, ಇಪ್ಪತ್ತೆರಡು ನಿಮಿಷ," ಎಂದು ಓದಿ ಬಸು ಗಡಿಯಾರ ನಿಲ್ಲಿಸಿದ. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡ, ನನಗೆ ಕೊಡಲಿಲ್ಲ.

ಅಲ್ಲಿ ಎರಡು ರಾತ್ರಿ ಇದ್ದೆವು. ಆಯಿಷಾ ಎಂಬಾಕೆಯ ಮನೆಯಲ್ಲಿ ಕೋಣೆ, ಊಟ ಸೇರಿ ಒಬ್ಬರಿಗೆ ದಿನಕ್ಕೆ ಮೂರು ಸಾವಿರ. ಮೀನು ತಿನ್ನುವುದಿಲ್ಲ ಎಂದಾಗ ಆಕೆ ಒಂದು ಕ್ಷಣ ಪಾಪ ಎಂಬಂತೆ ನೋಡಿ, ದೀವಿ ಹಲಸಿಗೆ ತೆಂಗಿನಹಾಲು ಹಾಕಿ ಪಲ್ಯ ಮಾಡಿದಳು. ಗಂಗಕ್ಕ ಅದರ ಮೇಲೆ ಚಟ್ನಿಪುಡಿ ಉದುರಿಸಿ ಮೂರು ಸಲ ಹಾಕಿಸಿಕೊಂಡರು. ಹಗಲೆಲ್ಲ ಮಂಡಿಯವರೆಗಿನ ನೀರಿನಲ್ಲಿ ಸೀರೆ ಎತ್ತಿ ನಿಂತು, ಕಾಲ ಬಳಿ ಬರುವ ಪುಟ್ಟ ಮೀನುಗಳಿಗೆ "ಪಾಸ್, ಪಾಸ್, ಇದೊಂದು ಫೇಲ್," ಎನ್ನುತ್ತಿದ್ದರು. ಬಸು ಟೋಪಿಯನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದ. ನಾನು ಏನು ಮಾಡಿದೆ ಎಂದು ನೆನಪಿಲ್ಲ. ಲಾಗ್‌ಬುಕ್ಕಿನಲ್ಲಿ ಆ ಎರಡು ದಿನ ಖಾಲಿ, ಅಷ್ಟು ಹಿತವಾಗಿದ್ದವು.

ಹೊರಟಾಗ ಒಂದು ಸುತ್ತು ಹಾಕಿದೆ. ಆಯಿಷಾ ಅಂಗಳದಲ್ಲಿ ನಿಂತು ಟವೆಲ್ ಬೀಸಿದ್ದನ್ನು ಗಂಗಕ್ಕ ಕಂಡರಂತೆ. ನಾನು ತೆಂಗಿನ ತಲೆಗಳನ್ನಷ್ಟೇ ಕಂಡೆ.

ಮೂರು ತಿಂಗಳ ನಂತರ ಒಂದು ಭಾನುವಾರ ಗಂಗಕ್ಕನನ್ನು ವಿಮಾನದಲ್ಲಿ ಹೈದರಾಬಾದಿನ ಮಗಳ ಮನೆಗೆ ಬಿಟ್ಟುಬರುವ ಯೋಚನೆಯಾಯಿತು, ಅವರು ಮತ್ತು ನಾನು, ಇಬ್ಬರೇ. ಬಸು ಕಾರು ಓಡಿಸಿಕೊಂಡು ನಮ್ಮನ್ನು ಗುಜರಿ ಅಂಗಡಿಗೆ ಕರೆತಂದ. ಗಂಗಕ್ಕ ಎಲ್ಲಕ್ಕಿಂತ ಮೊದಲು ಬುತ್ತಿಯ ಗಂಟನ್ನು ತಕ್ಕಡಿಗೆ ಇಟ್ಟು, ಕನ್ನಡಕ ಏರಿಸಿ, ತಾವೇ ಓದಿದರು. "ಮೂರು ಕಿಲೋ ಒಂದುನೂರು. ಡಬ್ಬಿ ಪ್ಲಾಸ್ಟಿಕ್ಕಿನವು." ಆಮೇಲೆ ಅವರ ಬ್ಯಾಗು, ನನ್ನ ಬ್ಯಾಗು, ಅವರು, ನಾನು. ಬರೆದು ಗೆರೆ ಎಳೆದೆ.

"ಆಯ್ತಾ ಮೇಡಂ?" ಎಂದ ಮಂಜಣ್ಣ.

"ಆಯ್ತು," ಎಂದು ತಲೆಯೆತ್ತಿದೆ. ಬಸು ಚಪ್ಪಲಿ ಬಿಟ್ಟು ತಕ್ಕಡಿಯ ಮೇಲೆ ನಿಂತಿದ್ದ, ಅಲ್ಲಾಡದೆ.