ಒಂದು ಸೌಟಿನ ಮನೆಗಳ ಡಬ್ಬಿ ಅಕ್ಕ

ಬೆಳಗಿನ ಐದು ಗಂಟೆ. ಅಡುಗೆಮನೆಯ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತ ಅತ್ತೆ ಡಬ್ಬಿಗಳ ಮುಚ್ಚಳ ಒರೆಸುತ್ತಿದ್ದಾರೆ. ಎಡಕ್ಕೆ ಒದ್ದೆ ಮುಚ್ಚಳಗಳ ರಾಶಿ, ಬಲಕ್ಕೆ ಒರೆಸಿದವುಗಳ ಸಾಲು. ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮುಚ್ಚಳದ ಅಂಚಿನ ಸಂದಿಯಲ್ಲಿ ಒಂದು ಸುತ್ತು ತಿರುಗಿಸುತ್ತಾರೆ, ದೀಪಕ್ಕೆ ಹಿಡಿದು ನೋಡುತ್ತಾರೆ, ಬಲಕ್ಕೆ ಇಡುತ್ತಾರೆ. ಆ ಸಂದಿಯಲ್ಲಿ ಒಂದು ಹನಿ ಉಳಿದರೂ ಫ್ರೀಜರಿನೊಳಗೆ ಅದು ಗಡ್ಡೆಕಟ್ಟಿ ಮುಚ್ಚಳವನ್ನು ಎಬ್ಬಿಸಿಬಿಡುತ್ತದೆ. ಸೊಸೆ ಒಲೆಯ ಮುಂದೆ ನಿಂತು ಈರುಳ್ಳಿ ಬಾಡಿಸುತ್ತಿದ್ದಾರೆ. ಇಬ್ಬರ ನಡುವೆ ನಾಲ್ಕು ಹೆಜ್ಜೆ ದೂರ.

ಸೊಸೆಯನ್ನು ಈ ಬೀದಿಯವರೆಲ್ಲ ಕರೆಯುವುದು ಡಬ್ಬಿ ಅಕ್ಕ ಎಂದು. ವಯಸ್ಸು ನಲವತ್ತನಾಲ್ಕು. ಒಬ್ಬರೇ ಇರುವ, ಇಲ್ಲವೇ ಇಬ್ಬರೇ ಇರುವ ಇಪ್ಪತ್ತಮೂರು ಮನೆಗಳಿಗೆ ಇವರು ಅಡುಗೆ ಮಾಡುತ್ತಾರೆ. ಮಾಡಿದ್ದನ್ನು ಅಗಲದ ತಟ್ಟೆಗಳಲ್ಲಿ ಹರಡಿ ಆರಲು ಬಿಟ್ಟು, ಡಬ್ಬಿಗೆ ತುಂಬಿ, ಫ್ರೀಜರಿನಲ್ಲಿ ಗಟ್ಟಿಮಾಡಿ, ಶನಿವಾರ ಮನೆಮನೆಗೆ ಕಳಿಸುತ್ತಾರೆ. ಮನೆಯವರು ತಮಗೆ ಬೇಕೆನಿಸಿದ ದಿನ ಒಂದೊಂದೇ ಡಬ್ಬಿ ತೆಗೆದು ಬಿಸಿ ಮಾಡಿ ಉಣ್ಣುತ್ತಾರೆ. ಶಾಲಾ ವ್ಯಾನ್ ಓಡಿಸುವ ಗಂಡ ಶನಿವಾರ ಮಧ್ಯಾಹ್ನ ಅದೇ ವ್ಯಾನಿನಲ್ಲಿ ಡಬ್ಬಿ ಹಂಚಿ, ಹಳೆಯ ಖಾಲಿ ಡಬ್ಬಿಗಳನ್ನು ವಾಪಸು ತರುತ್ತಾರೆ. "ಐದು ದಿನ ಮಕ್ಕಳ ಗಲಾಟೆ, ಆರನೇ ದಿನ ಡಬ್ಬಿಗಳ ಗಲಾಟೆ. ಡಬ್ಬಿಗಳೇ ವಾಸಿ, ಕಿಟಕಿಯಿಂದ ಕೈ ಹೊರಗೆ ಹಾಕಲ್ಲ" ಅನ್ನುತ್ತಾರೆ ಅವರು.

ಅಕ್ಕನ ಲೆಕ್ಕವೆಲ್ಲ ಸೌಟಿನಲ್ಲಿ. ಉದ್ದ ಹಿಡಿಯ ಒಂದು ಸೌಟು ಅಂದರೆ ಒಬ್ಬರ ಒಂದು ಹೊತ್ತಿನ ಊಟ. ಹದಿನಾಲ್ಕು ಒಂದು ಸೌಟಿನ ಮನೆಗಳು, ಒಂಬತ್ತು ಎರಡು ಸೌಟಿನ ಮನೆಗಳು. ಸೋಮವಾರದಿಂದ ಗುರುವಾರದವರೆಗೆ ದಿನಕ್ಕೆ ಎರಡು ಪಾತ್ರೆ ಅಡುಗೆ, ನಲವತ್ತಾರು ಡಬ್ಬಿ. ಪ್ರತಿ ಡಬ್ಬಿಯಲ್ಲೂ ಮೇಲೆ ಒಂದು ಬೆರಳಿನಷ್ಟು ಜಾಗ ಖಾಲಿ ಬಿಡಬೇಕು. "ಫ್ರೀಜರಲ್ಲಿ ಗಟ್ಟಿಯಾಗ್ವಾಗ ಅಡುಗೆ ಉಬ್ಬುತ್ತೆ. ಜಾಗ ಕೊಡ್ದೇ ಇದ್ರೆ ಡಬ್ಬಿ ಒಡೆಯುತ್ತೆ" ಅನ್ನುತ್ತಾರೆ ಅಕ್ಕ. ಆಲೂಗಡ್ಡೆ ಇವರ ಪಾತ್ರೆ ಹತ್ತುವುದಿಲ್ಲ. ಕರಗಿದ ಮೇಲೆ ಅದು ಮರಳು ಮರಳಾಗುತ್ತದಂತೆ.

ಎರಡು ಸೌಟಿನ ಮನೆ ಒಂದೊಂದು ಸಲ ಒಂದು ಸೌಟಿನ ಮನೆಯಾಗುತ್ತದೆ. ವಾಪಸು ಬಂದ ಡಬ್ಬಿಯೊಳಗೆ ಚೀಟಿ ಇರುತ್ತದೆ: ಇನ್ನು ಮುಂದೆ ಚಿಕ್ಕ ಡಬ್ಬಿ ಸಾಕು. ಯಾಕೆಂದು ಅಕ್ಕ ಕೇಳುವುದಿಲ್ಲ. "ಕೇಳಿ ಏನ್ ಮಾಡ್ಲಿ? ಆ ವಾರ ಅವರಿಗೆ ಇಷ್ಟವಾದ್ದನ್ನ ಎರಡು ಡಬ್ಬಿ ಜಾಸ್ತಿ ಇಡ್ತೀನಿ, ಅಷ್ಟೇ." ಒಂದು ಸೌಟು ಎರಡಾದಾಗಲೂ ಕೇಳುವುದಿಲ್ಲ. ಆಗ ಡಬ್ಬಿಯ ಜೊತೆ ಏನಾದರೂ ಸಿಹಿ ಇರುತ್ತದೆ.

ಹನ್ನೊಂದು ವರ್ಷಗಳ ಹಿಂದೆ ಇವರು ಒಂದು ಹಾಸ್ಟೆಲಿನಲ್ಲಿ ಅಡುಗೆಯವರು. ಇನ್ನೂರು ಜನರಿಗೆ ಕಣ್ಣುಮುಚ್ಚಿ ಮಾಡುತ್ತಿದ್ದರು. ಹಾಸ್ಟೆಲ್ ಮುಚ್ಚಿತು. ಮನೆಯಲ್ಲಿ ಕೂತಾಗ ಗೊತ್ತಾಯಿತು, ಕೈಗೆ ಕಡಿಮೆ ಮಾಡುವುದೇ ಬರುವುದಿಲ್ಲ. ಮೂವರ ಮನೆಯಲ್ಲಿ ದಿನವೂ ಹತ್ತು ಜನರ ಅಡುಗೆ. ಮೇಲಿನ ಮಹಡಿಯಲ್ಲಿ ಒಬ್ಬ ದರ್ಜಿ ಹೆಂಗಸು ಒಬ್ಬರೇ ಇದ್ದರು. ಬ್ರೆಡ್ಡು, ಚಹಾದಲ್ಲೇ ದಿನ ದೂಡುತ್ತಿದ್ದರು. "ಒಬ್ಳಿಗೋಸ್ಕರ ಒಲೆ ಹಚ್ಚೋಕೆ ಮನಸ್ಸೇ ಬರಲ್ಲ ಕಣಕ್ಕ" ಅಂದಿದ್ದರಂತೆ. ಉಳಿದದ್ದನ್ನು ಡಬ್ಬಿಗೆ ಹಾಕಿ ಅವರಿಗೆ ಕೊಡುವುದರಿಂದ ಶುರು. ಬಾಗಿಲು ಮುಚ್ಚಿದ ಒಂದು ಅಂಗಡಿಯಿಂದ ಹಳೆಯ ಐಸ್‌ಕ್ರೀಮ್ ಫ್ರೀಜರ್ ಹೊರಿಸಿಕೊಂಡು ಬಂದವರು ಅತ್ತೆ. ಅದರ ಪಕ್ಕದಲ್ಲಿ ಮಾಸಿದ ಐಸ್‌ಕ್ರೀಮಿನ ಚಿತ್ರ ಈಗಲೂ ಇದೆ. ಮೊದಲ ಬೇಸಿಗೆಯಲ್ಲಿ ಇಡೀ ದಿನ ಕರೆಂಟ್ ಹೋದಾಗ ಮನೆಯ ಕಂಬಳಿಗಳನ್ನೆಲ್ಲ ಅದಕ್ಕೆ ಹೊದಿಸಿ, ಯಾರೂ ಮುಚ್ಚಳ ತೆಗೆಯದಂತೆ ಅತ್ತೆ ಅದರ ಮೇಲೇ ಹತ್ತಿ ಕೂತಿದ್ದರು. ಒಂದು ಡಬ್ಬಿಯೂ ಕೆಡಲಿಲ್ಲ.

ಆದರೆ ಅತ್ತೆಯ ನಿಜವಾದ ಕೆಲಸ ಬೇರೆ. ಅವರು ಉಪ್ಪು ನೋಡುವವರು. ಹನ್ನೊಂದು ವರ್ಷ ಒಂದು ಪಾತ್ರೆಯೂ ಅವರ ನಾಲಿಗೆ ದಾಟದೆ ಡಬ್ಬಿ ಸೇರಿರಲಿಲ್ಲ. ಸೊಸೆ ಚಮಚದಲ್ಲಿ ತಂದು, ಊದಿ, ಹಿಡಿಯುತ್ತಾರೆ. ಅತ್ತೆ ಕಣ್ಣು ಮುಚ್ಚಿ ನೋಡುತ್ತಾರೆ. ಒಂದು ಬೆರಳು ಎತ್ತಿದರೆ ಇನ್ನೊಂದು ಚಿಟಿಕೆ. ಇಲ್ಲದಿದ್ದರೆ "ಸರಿ." ಬಿಸಿಯಲ್ಲಿ ಇರುವ ರುಚಿ ಫ್ರೀಜರಿನಿಂದ ಬಂದ ಮೇಲೆ ಇರುವುದಿಲ್ಲ. ಮೆಣಸು ಜೋರಾಗುತ್ತದೆ, ಉಪ್ಪು ಮಂಕಾಗುತ್ತದೆ. ಎರಡು ವಾರ ಬಿಟ್ಟು ಹೇಗಿರುತ್ತದೆ ಎಂದು ಇವತ್ತೇ ಹೇಳಬೇಕು. ಡಬ್ಬಿ ಮನೆಗಳಲ್ಲಿ ಅವರಿಗೆ ಉಪ್ಪಜ್ಜಿ ಎಂದೇ ಹೆಸರು.

ಐದು ವಾರದ ಹಿಂದೆ ಒಂದು ಬೆಳಿಗ್ಗೆ ಬೇಳೆ-ಸೊಪ್ಪು ಕುದಿಯುವಾಗ ಗ್ಯಾಸ್ ಮುಗಿಯಿತು. ಸಿಲಿಂಡರ್ ಬದಲಿಸುವ ಗಡಿಬಿಡಿಯಲ್ಲಿ ಅಕ್ಕ ಉಪ್ಪು ಹಾಕುವುದನ್ನೇ ಮರೆತರು. ಹಾಕಿದ್ದೇನೆ ಎಂದುಕೊಂಡು ಚಮಚ ಹಿಡಿದರು. ಅತ್ತೆ ಕಣ್ಣು ಮುಚ್ಚಿ ನೋಡಿ "ಸರಿ" ಅಂದರು. ಇಪ್ಪತ್ತಮೂರು ಡಬ್ಬಿ ಸಪ್ಪೆ ಬೇಳೆ ಇಪ್ಪತ್ತಮೂರು ಮನೆಗೆ ಹೋಯಿತು.

ಇಂಥ ತಪ್ಪು ಗೊತ್ತಾಗುವುದೂ ನಿಧಾನವಾಗಿ. ಯಾರು ಯಾವ ಡಬ್ಬಿಯನ್ನು ಯಾವತ್ತು ತೆಗೆಯುತ್ತಾರೋ ಯಾರಿಗೂ ತಿಳಿಯದು. ಮೊದಲ ಚೀಟಿ ಬಂದದ್ದು ಆಸ್ಪತ್ರೆಯ ನರ್ಸ್ ಒಬ್ಬರಿಂದ: "ಉಪ್ಪು ಹಾಕಿಕೊಂಡು ತಿಂದೆ, ಚೆನ್ನಾಗಿತ್ತು, ಬೇಜಾರು ಮಾಡ್ಕೋಬೇಡಿ." ಅದನ್ನು ಓದಿ ಅತ್ತೆ, "ಪಾಪ, ಆ ಹುಡುಗಿಗೆ ಜ್ವರ ಇರಬೇಕು, ನಾಲಿಗೆ ಕೆಟ್ಟಿದೆ" ಅಂದರಂತೆ. ಆಮೇಲೆ ದರ್ಜಿಯ ಚೀಟಿ: "ಈ ಸಲ ಉಪ್ಪಿಗೆ ರಜೆ ಕೊಟ್ಟಿದ್ರಾ?" ರಕ್ತದೊತ್ತಡ ಇರುವ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದರು: "ಕೊನೆಗೂ ನನ್ನ ಡಾಕ್ಟರ ಮಾತು ಕೇಳಿದಿರಿ, ಧನ್ಯವಾದ." ಎರಡು ವಾರದಲ್ಲಿ ಐದು ಚೀಟಿ. ಉಳಿದ ಹದಿನೆಂಟು ಮನೆಯವರು ತಾವೇ ಉಪ್ಪು ಬೆರೆಸಿಕೊಂಡು ಸುಮ್ಮನಾಗಿದ್ದರು.

ಐದನೇ ಚೀಟಿ ಬಂದ ದಿನ ಅತ್ತೆ ಹೇಳಿದರು. ಅದಕ್ಕೂ ಎರಡು ತಿಂಗಳ ಹಿಂದೆ ಬಂದ ಜ್ವರದಲ್ಲಿ ಅವರ ನಾಲಿಗೆ ರುಚಿ ಬಿಟ್ಟಿತ್ತು. ಉಪ್ಪು, ಹುಳಿ, ಏನೂ ತಿಳಿಯುತ್ತಿರಲಿಲ್ಲ. ಡಾಕ್ಟರು ಬರಬಹುದು, ಬಾರದೆಯೂ ಇರಬಹುದು ಅಂದಿದ್ದರು. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾಯುತ್ತಾ ದಿನವೂ "ಸರಿ" ಅನ್ನುತ್ತಾ ಬಂದಿದ್ದರು.

ಈ ಮನೆಯ ಬಗ್ಗೆ ಬರೆಯಲು ಬಂದಿದ್ದ ನಾನು, ಇದನ್ನೂ ಬರೆಯಬಹುದೇ ಎಂದು ಮೆಲ್ಲಗೆ ಕೇಳಿದೆ. ಅತ್ತೆ ಮುಚ್ಚಳದಿಂದ ಕಣ್ಣೆತ್ತಲಿಲ್ಲ. "ಬರಿಯಮ್ಮ. ತಪ್ಪು ಮಾಡಿದ್ದು ನಾನು. ಅದನ್ನೂ ಡಬ್ಬೀಲಿ ಹಾಕಿ ಮುಚ್ಚಿಡೋಕಾಗುತ್ತಾ?" ಇಪ್ಪತ್ತಮೂರು ಮನೆಗೂ ತಪ್ಪೊಪ್ಪಿಗೆಯ ಚೀಟಿ ಹೋಗಿದೆ. ಒಂದು ಮನೆಯೂ ಬಿಟ್ಟುಹೋಗಿಲ್ಲ.

ಆದರೆ ಅವತ್ತಿನಿಂದ, ಅಂದರೆ ಮೂರು ವಾರದಿಂದ, ಅತ್ತೆ ಚಮಚ ಮುಟ್ಟಿಲ್ಲ. ರುಚಿ ಇನ್ನೂ ವಾಪಸು ಬಂದಿಲ್ಲ. ಒಲೆಯ ಪಕ್ಕವಿದ್ದ ಸ್ಟೂಲನ್ನು ಬಾಗಿಲ ಬಳಿ ತಾವೇ ಎಳೆದು ಹಾಕಿಕೊಂಡಿದ್ದಾರೆ. ಫ್ರೀಜರಿನ ಪಕ್ಕ ಜಿಪ್ ಎಳೆದ ಒಂದು ನೀಲಿ ಬ್ಯಾಗು ಕೂತಿದೆ. ಬರುವ ಭಾನುವಾರ ಮಗಳ ಮನೆಗೆ ಹೊರಡುತ್ತಾರೆ. ನೋಡಿಕೊಂಡು ಬರುವುದಕ್ಕಲ್ಲ, ಇರುವುದಕ್ಕೆ. "ಅಲ್ಲಿ ಅಡುಗೆಯವಳಿದ್ದಾಳೆ. ಯಾರೂ ನನ್ನ ಏನೂ ಕೇಳಲ್ಲ. ಇಲ್ಲಿ ಕೂತು ಮುಚ್ಚಳ ಒರೆಸೋದಕ್ಕೆ ನಾನೇ ಆಗ್ಬೇಕಾ?" ಅನ್ನುತ್ತಾರೆ.

ಸೋಮವಾರ ಇದೇ ಮಾತಿಗೆ ಇಬ್ಬರೂ ಜಗಳವಾಡಿದ್ದನ್ನು ನಾನು ಮೂಲೆಯಲ್ಲಿ ಕೂತು ಕೇಳಿದೆ.

"ಎರಡು ತಿಂಗಳು ನನಗೆ ನಾಲಿಗೇನೇ ಇರಲಿಲ್ಲ. ಆದ್ರೂ ನಿನ್ನ ಅಡುಗೆ ಸರಿಯಾಗೇ ಹೋಯ್ತಲ್ಲೇ? ಆ ಬೇಳೆ ಒಂದು ಬಿಟ್ರೆ ಯಾರಾದ್ರೂ ಒಂದು ಚೀಟಿ ಹಾಕಿದ್ರಾ?"

"ಹೌದು, ಹೋಯ್ತು."

"ಮತ್ತೆ? ನಾನಿಲ್ದೇನೂ ನಡಿಯುತ್ತೆ ಅಂತ ಆಯ್ತಲ್ಲ."

"ನೀವಿಲ್ದೆ ಎಲ್ಲಿ ನಡೀತು? ನೀವು ಸರಿ ಅಂತಿದ್ರಲ್ಲ."

"ಸುಳ್ಳು ಸರಿ ಕಣೇ ಅದು."

"ನನ್ನ ಕೈಗೆ ಅದು ಗೊತ್ತಿರಲಿಲ್ಲ" ಅಂದರು ಸೊಸೆ.

ಈಗ ಆ ಕೈ ತಪ್ಪುತ್ತಿದೆ. ಅಕ್ಕ ಉಪ್ಪು ಹಾಕುತ್ತಾರೆ, ನೋಡುತ್ತಾರೆ, ಅನುಮಾನ ಬರುತ್ತದೆ, ಇನ್ನೊಂದು ಚಿಟಿಕೆ ಹಾಕುತ್ತಾರೆ. ಹೋದ ವಾರ ಕುಂಬಳಕಾಯಿ ಸೂಪು ಬಾಯಿಗಿಡಲಾಗದಷ್ಟು ಉಪ್ಪಾಗಿ, ಮತ್ತೆ ಒಂದು ಪಾತ್ರೆ ಕುಂಬಳಕಾಯಿ ಬೇಯಿಸಿ ಬೆರೆಸಬೇಕಾಯಿತು. ಅದರ ಹಿಂದಿನ ವಾರದ ಡಬ್ಬಿಗಳ ಬಗ್ಗೆ ಮೂರು ಚೀಟಿ ಬಂದಿವೆ: ಎರಡರಲ್ಲಿ ಕಡಿಮೆ, ಒಂದರಲ್ಲಿ ಜಾಸ್ತಿ. ಮೂರೂ ಒಂದೇ ಪಾತ್ರೆಯವು. ಅಕ್ಕ ಆ ಮೂರನ್ನೂ ಒಲೆಯ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದಾರೆ.

ನಿಮಗೇನು ಬೇಕು ಎಂದು ಕೇಳಿದರೆ ದೊಡ್ಡ ಫ್ರೀಜರ್ ಅನ್ನಬಹುದು ಎಂದುಕೊಂಡಿದ್ದೆ. ಅಕ್ಕ ಬೆರಳಿನಿಂದ ಸೌಟಿನ ಹಿಡಿ ಉಜ್ಜಿದರು. "ಉಪ್ಪು ನಾನೂ ನೋಡಬಲ್ಲೆ. ನನಗೂ ನಾಲಿಗೆ ಇದೆಯಲ್ಲ. ಸರಿ ಅನ್ನೋರು ಒಬ್ರು ಪಕ್ಕದಲ್ಲಿ ಬೇಕು. ಒಂದು ಸೌಟಿನ ಮನೆಯವರಿಗೆ ಅಡುಗೆ ಕಳಿಸ್ತೀನಿ, ಅವರಿಗೆ ಇಲ್ದೇ ಇರೋದು ಅದೇ ತಾನೆ?"

ಈ ಮನೆಯಲ್ಲಿ ನಾನು ನೋಡುತ್ತಿರುವ ನಾಲ್ಕನೇ ಬೆಳಿಗ್ಗೆ ಇದು, ಗುರುವಾರ. ವಾರದ ಕೊನೆಯ ಅಡುಗೆ. ಟೊಮೆಟೊದಲ್ಲಿ ಕಾಳು ಕುದಿಯುತ್ತಿದೆ. ಅಕ್ಕ ಉಪ್ಪು ಹಾಕಿ ಮೂರು ಸುತ್ತು ತಿರುವುತ್ತಾರೆ. ಕಳೆದ ಮೂರು ದಿನ ಈ ಹೊತ್ತಿಗೆ ಅವರು ತಾವೇ ರುಚಿ ನೋಡಿ, ಗೋಡೆಯ ಚೀಟಿಗಳನ್ನು ನೋಡಿ, ಮತ್ತೆ ಉಪ್ಪಿನ ಡಬ್ಬಕ್ಕೆ ಕೈ ಹಾಕಿದ್ದರು. ಇವತ್ತು ಹಾಕುವುದಿಲ್ಲ. ಒಲೆ ಸಣ್ಣ ಮಾಡುತ್ತಾರೆ. ಚಮಚದಲ್ಲಿ ಒಂದಿಷ್ಟು ತೆಗೆದುಕೊಂಡು, ಕೆಳಗೆ ಅಂಗೈ ಹಿಡಿದು, ಊದುತ್ತಾ ನಾಲ್ಕು ಹೆಜ್ಜೆ ನಡೆದು ಬರುತ್ತಾರೆ. ನೀಲಿ ಬ್ಯಾಗನ್ನು ದಾಟಿ ಸ್ಟೂಲಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ.

ಅತ್ತೆಯ ಕೈಯಲ್ಲಿ ಕೊನೆಯ ಮುಚ್ಚಳವಿದೆ. ಅದು ಯಾವಾಗಲೋ ಒಣಗಿದೆ. ಆದರೂ ಬಟ್ಟೆ ಸುತ್ತುತ್ತಲೇ ಇದೆ, ಒಂದು ಸುತ್ತು, ಇನ್ನೊಂದು ಸುತ್ತು. ಆಮೇಲೆ ನಿಲ್ಲುತ್ತದೆ.

"ಉಪ್ಪು ನೋಡಿ, ಅತ್ತೆ."