ಒಬ್ಬರ ಸೈನ್ಯ ಇನ್ನೊಬ್ಬರ ಮನೆಯಲ್ಲಿ

ಕಳೆದ ವಾರ ವಿಲೆ ಪಾರ್ಲೆ ಸ್ಟೇಷನ್ನಿನಿಂದ ಮನೆಗೆ ನಡೆದು ಬರುತ್ತಿದ್ದಾಗ ಗ್ಯಾರೇಜೊಂದರ ಮುಂದೆ ಮೆಕ್ಯಾನಿಕ್ ಒಬ್ಬ ಸ್ಕೂಟರಿನ ಮಡ್‌ಗಾರ್ಡಿಗೆ ಬಣ್ಣಕ್ಕೆ ಮುಂಚೆ ಹೊಡೆಯುವ ಬೂದು ಪ್ರೈಮರ್ ಸ್ಪ್ರೇ ಮಾಡುತ್ತಿದ್ದ. ಮೂಗಿಗೆ ಖಾರವಾಗಿ ಬಡಿದು ಗಂಟಲಲ್ಲಿ ಸಿಹಿಯಾಗಿ ಉಳಿಯುವ ವಾಸನೆ ಅದು. ಜನ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. "ಕ್ಯಾ ಚಾಹಿಯೇ, ಸಾಬ್?" ಎಂದು ಅವನು ಕೇಳಿದ. ಏನು ಬೇಕೆಂದು ಹೇಳಲಿ... ನನ್ನ ಕಣ್ಣ ಮುಂದೆ ನಮ್ಮ ಹಳೆಯ ಬಿಲ್ಡಿಂಗಿನ ಟೆರೇಸಿತ್ತು. ಅಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಪುಟಾಣಿ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಸ್ಪ್ರೇ ಮಾಡುತ್ತಿದ್ದ ಮೇಲಿನ ಮನೆಯ ಅಕ್ಕ ಇದ್ದರು.

ಆಗ ನಾನು ಗದಗಿನ ಕಡೆಯಿಂದ ಬಂದು ಎಲೆಕ್ಟ್ರಿಕಲ್ ಕಂಟ್ರಾಕ್ಟರನೊಬ್ಬನ ಬಳಿ ಸೂಪರ್‌ವೈಸರ್ ಆಗಿದ್ದೆ. ಆ ಬಿಲ್ಡಿಂಗಿನ ಕೆಳಗಿನ ಮಹಡಿಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದೆ. ಒಂದು ಭಾನುವಾರ ಬೆಳಿಗ್ಗೆ ನೀರು ಬರದೆ, ಟ್ಯಾಂಕ್ ನೋಡಲೆಂದು ಟೆರೇಸಿಗೆ ಹೋದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೊಣಕಾಲೂರಿ ಕೂತು ಪೆಟ್ಟಿಗೆಯೊಂದನ್ನು ಅವುಚಿಕೊಂಡಿದ್ದರು. ತುರುಬಿಗೆ ಒಂದು ತೆಳ್ಳನೆಯ ಬ್ರಶ್ ಸಿಕ್ಕಿಸಿಕೊಂಡಿದ್ದರು. ನಾನು ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡಿರಬೇಕು.

"ಏನ್ರೀ, ಕೈ ಖಾಲಿ ಇದ್ಯಾ? ಈ ಪೆಟ್ಟಿಗೆ ಸ್ವಲ್ಪ ಹಿಡ್ಕೊಳ್ಳಿ. ಗಾಳಿಗೆ ಆನೆ ಹಾರ್ತಾ ಇದೆ."

ಬಗ್ಗಿ ನೋಡಿದರೆ ನಿಜವಾಗಿಯೂ ಆನೆಗಳು! ಹೆಬ್ಬೆರಳಷ್ಟು ಎತ್ತರ, ಬೆನ್ನ ಮೇಲೆ ಅಂಬಾರಿ, ಅಂಬಾರಿಯಲ್ಲಿ ಬಿಲ್ಲು ಹಿಡಿದ ಇಬ್ಬರು ಆಳುಗಳು.

"ಇವು ಗೊಂಬಿ ಏನ್ರೀ ಅಕ್ಕಾರ?" ಎಂದೆ.

"ಗೊಂಬೆ ಅಲ್ಲ ರೀ, ಸೈನ್ಯ," ಎಂದರು. ಸ್ವಲ್ಪ ಬೇಸರವಾದಂತಿತ್ತು. ಮರುಕ್ಷಣವೇ, "ಮನೆಗೆ ಬನ್ನಿ, ತೋರಿಸ್ತೀನಿ," ಎಂದರು.

ಮೈಸೂರು ಕಡೆಯ ಕುಟುಂಬ ಅವರದು. ತಂದೆಗೆ ಇಲ್ಲಿ ನೌಕರಿಯಾದಾಗ ಎಲ್ಲರೂ ಬಂದು ನೆಲೆಸಿದ್ದರಂತೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅವರೊಬ್ಬರೇ. ಮದುವೆ ಮಾಡಿಕೊಂಡಿರಲಿಲ್ಲ. ಏರ್‌ಪೋರ್ಟಿನ ಹತ್ತಿರ ಸರಕು ಸಾಗಣೆಯ ಆಫೀಸೊಂದರಲ್ಲಿ ಕೆಲಸ. ಹೊರದೇಶಕ್ಕೆ ಹೋಗಿ ಬರುವ ಸಹೋದ್ಯೋಗಿಗಳು ಬೇರೆಯವರಿಗೆಲ್ಲ ಚಾಕೊಲೇಟು ತಂದರೆ, ಇವರಿಗೆ ಈ ಪುಟ್ಟ ಸೈನಿಕರ ಡಬ್ಬಿಗಳನ್ನು ತರುತ್ತಿದ್ದರು.

ಆ ಮನೆಯಲ್ಲಿ ಒಟ್ಟಿಗೇ ಮೂರು ಲೋಕಗಳಿದ್ದವು. ಕಿಟಕಿಯ ಬಳಿ ಪುರಾತನ ಕಾಲದ ಆನೆ, ಕುದುರೆ, ಈಟಿಯ ಕಾಲಾಳುಗಳು. ಫ್ರಿಜ್ಜಿನ ಪಕ್ಕದ ಕಪಾಟಿನಲ್ಲಿ ಇನ್ನೂ ಬಾರದ ಯಾವುದೋ ಕಾಲದ ಕಬ್ಬಿಣದ ದೈತ್ಯರು, ಅಂಗೈ ಎತ್ತರದ ರೋಬೋಗಳು. ಅಮ್ಮನ ಹೊಲಿಗೆ ಮೆಷಿನ್ನಿನ ಮೇಲೆ ಹುಣಸೆ ಬೀಜದಷ್ಟು ಪುಟ್ಟ ಯುದ್ಧನೌಕೆಗಳು. ಒಂದೊಂದಕ್ಕೂ ಬೇರೆ ಆಟ, ಬೇರೆ ನಿಯಮ. ಮೇಜಿನ ಮೇಲೆ ಥರ್ಮೋಕೋಲಿನ ಗುಡ್ಡಗಳನ್ನಿಟ್ಟು, ಟೇಪಿನಲ್ಲಿ ಅಳೆದು ಸೈನ್ಯವನ್ನು ಮುಂದೆ ಸರಿಸುವುದು. ಎರಡು ಸೈನ್ಯ ಎದುರಾದಾಗ ದಾಳ ಉರುಳಿಸಿ ಯಾರು ಬಿದ್ದರು, ಯಾರು ನಿಂತರು ಎಂದು ತೀರ್ಮಾನಿಸುವುದು. ನನಗೆ ಆನೆಗಳ ಆಟ ಹಿಡಿಸಿತು. ಅಂದಿನಿಂದ ನನ್ನ ಭಾನುವಾರಗಳು ಅಕ್ಕನ ಪಾಲಾದವು.

ಬೇರೆ ಎರಡು ಆಟಗಳಿಗೆ ಬೇರೆ ಎದುರಾಳಿಗಳಿದ್ದರು. ನೌಕೆಗಳಿಗೆ ದಾದರಿನ ಮರಾಠಿ ಹಿರಿಯರೊಬ್ಬರು. ಜೀವನವಿಡೀ ಲೋಕಲ್ ಟ್ರೇನ್ ಓಡಿಸಿ ನಿವೃತ್ತರಾದ ಮೋಟರ್‌ಮನ್. ಹಳಿ ಇಲ್ಲದ ಕಡೆ ಓಡಿಸಬೇಕೆಂಬ ಆಸೆಯನ್ನು ಈ ವಯಸ್ಸಿನಲ್ಲಿ ತೀರಿಸಿಕೊಳ್ಳುತ್ತಿದ್ದೇನೆ ಎನ್ನುತ್ತಿದ್ದರಂತೆ. ರೋಬೋಗಳಿಗೆ ದಹಿಸರಿನ ಒಬ್ಬಳು ಹುಡುಗಿ. ಯಾವುದೋ ಡಿಸೈನ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಕನ್ನಡದ ಮನೆಯವಳೇ, ಆದರೆ ಎರಡು ಕನ್ನಡ ಪದಗಳ ನಡುವೆ ಒಂದು ಹಿಂದಿ ಪದ ಇಡದೆ ಮಾತು ಮುಂದೆ ಹೋಗುತ್ತಿರಲಿಲ್ಲ. ಅವರವರಿಗೆ ಅವರವರ ದಿನ. ನಾವು ಮೂವರೂ ಒಬ್ಬರನ್ನೊಬ್ಬರು ಮೆಟ್ಟಿಲ ಮೇಲೆ ಕಂಡಿದ್ದೆವು, ಅಷ್ಟೇ. ಮೂವರಿಗೂ ನಮ್ಮ ನಮ್ಮ ಆಟವೇ ಅಕ್ಕನಿಗೆ ಹೆಚ್ಚು ಇಷ್ಟ ಎಂಬ ನಂಬಿಕೆಯಿತ್ತು. ಭಾನುವಾರ ಹೋದಾಗ ನನ್ನ ಆನೆಗಳ ಕಾಲು ಪ್ರೈಮರಿನ ಬೂದು ಬಣ್ಣದಲ್ಲೇ ಉಳಿದು, ಯಾವುದೋ ನೌಕೆಗೆ ಹೊಸ ಬಾವುಟ ಬಂದಿದ್ದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಯಾವುದೂ ಪೂರ್ತಿ ಮುಗಿಯುತ್ತಿರಲಿಲ್ಲ. ಆನೆಯ ಜೂಲಿಗೆ ಬಣ್ಣ ಬಳಿದು, ಎದ್ದು ರೋಬೋದ ಎದೆಗೆ ಕೆಂಪು ಹಚ್ಚಿ, ಅಲ್ಲಿಂದ ನೌಕೆಯ ಡೆಕ್ಕಿಗೆ ಬರುತ್ತಿದ್ದರು. ಸುಲಭವಾಗಿ ಬಣ್ಣ ಹಚ್ಚಲೆಂದು ರೋಬೋಗಳ ಕೈಗಳನ್ನು ಬೇರೆಯಾಗಿಯೇ ಇಟ್ಟಿದ್ದರು. ಆಡುವಾಗ ಮೇಣದಿಂದ ಅಂಟಿಸುವುದು, ಆಮೇಲೆ ಬಿಚ್ಚುವುದು. ಒಂದು ದಿನ ತಡೆಯಲಾರದೆ ಕೇಳಿದೆ.

"ಒಂದು ಮುಗಿಸಿ ಇನ್ನೊಂದು ಹಿಡೀಬಾರ್ದೇನ್ರೀ?"

"ಒಂದು ಒಣಗೋವರೆಗೂ ಏನ್ ಮಾಡ್ಲಿ? ಕೈ ಕಟ್ಕೊಂಡು ಗೋಡೆ ನೋಡ್ಲಾ?" ಎಂದರು. ಹಾಗೆನ್ನುವಾಗ ಅವರ ಬೆರಳಿನಲ್ಲಿ ಮೂರೂ ಲೋಕಗಳ ಬಣ್ಣವಿತ್ತು. ಅವರಷ್ಟು ಸುಖಿಯಾದ ಮನುಷ್ಯರನ್ನು ಈ ಊರಲ್ಲಿ ನಾನು ಹೆಚ್ಚು ಕಂಡಿಲ್ಲ.

ಆಮೇಲೆ ರೀಡೆವಲಪ್‌ಮೆಂಟ್ ಬಂತು. ಬಿಲ್ಡಿಂಗ್ ಕೆಡವಿ ಟವರ್ ಕಟ್ಟುವುದು, ಅಲ್ಲಿಯವರೆಗೆ ಎಲ್ಲರೂ ಹೊರಗೆ. ನನ್ನಂಥ ಬಾಡಿಗೆಯವರದು ಸುಲಭ, ಸ್ಟೇಷನ್ನಿನ ಆಚೆ ಇನ್ನೊಂದು ಕೋಣೆ ನೋಡಿಕೊಂಡೆ. ಸ್ವಂತ ಮನೆಯಿದ್ದ ಅಕ್ಕನಿಗೆ ಟವರಿನಲ್ಲಿ ಫ್ಲ್ಯಾಟು ಸಿಗುವವರೆಗೆ ದಹಿಸರಿನಲ್ಲಿ ಒಂದು ಒಂಟಿ ಕೋಣೆ ಸಿಕ್ಕಿತು. ಆ ಹುಡುಗಿಯೇ ಓಡಾಡಿ ಹುಡುಕಿಕೊಟ್ಟಿದ್ದಳು. ಮಂಚ ಹಾಕಿದರೆ ಒಬ್ಬರು ನಿಲ್ಲಲು ಜಾಗ. ಮೂರು ಸೈನ್ಯಗಳಿಗೆ ಎಲ್ಲಿಯ ಜಾಗ?

ಮನೆ ಬಿಡುವ ಹಿಂದಿನ ಭಾನುವಾರ ಅಕ್ಕ ನಮ್ಮ ಮೂವರನ್ನೂ ಒಟ್ಟಿಗೆ ಕರೆದರು. ಮೊದಲ ಸಲ ನಾವು ಒಂದೇ ಹಾಲಿನಲ್ಲಿ ಕೂತು ಚಹಾ ಕುಡಿದೆವು. ಮೇಜಿನ ಮೇಲೆ ಮೂರು ಪೆಟ್ಟಿಗೆಗಳಿದ್ದವು. ಅವರವರ ಆಟ ಅವರವರಿಗೆ ಕೊಡುತ್ತಾರೆ ಎಂದೇ ಎಲ್ಲರೂ ಅಂದುಕೊಂಡಿದ್ದೆವು. ಅಕ್ಕ ನೌಕೆಗಳನ್ನು ನನ್ನ ಕೈಗಿಟ್ಟರು. ರೋಬೋಗಳನ್ನು ಮೋಟರ್‌ಮನ್ನರಿಗೆ ಕೊಟ್ಟರು. ಆನೆಗಳನ್ನು ಆ ಹುಡುಗಿಗೆ.

"ಅಕ್ಕಾ, ಉಲ್ಟಾ ಆಯ್ತು!" ಎಂದಳು ಹುಡುಗಿ. "ನನ್ನ ರೋಬೋ ಅಂಕಲ್ ಹತ್ರಾ? ತೋಡ್ ದೇಂಗೆ, ಮುರಿದೇ ಬಿಡ್ತಾರೆ ಅವರು!"

"ಉಲ್ಟಾ ಏನಿಲ್ಲ. ಬೇಕು ಅಂತಾನೇ ಕೊಟ್ಟಿದ್ದು," ಎಂದರು ಅಕ್ಕ. "ನಿಮ್ಮ ನಿಮ್ಮ ಸೈನ್ಯ ನಿಮಗೇ ಕೊಟ್ರೆ ಬೇರೆ ಯಾರ ಜೊತೆನಾದ್ರೂ ಆಡ್ಕೋತೀರಿ. ಆಮೇಲೆ ನನ್ನನ್ನ ಯಾರು ಕೇಳ್ತಾರೆ? ಹೊಸ ಮನೇಲಿ ದೊಡ್ಡ ಹಾಲ್ ಬರತ್ತೆ. ಆಗ ಎಲ್ರೂ ತಗೊಂಡ್ ಬನ್ನಿ."

ಮೋಟರ್‌ಮನ್ ಜೋರಾಗಿ ನಕ್ಕು, "ಯೇ ತೋ ಚೀಟಿಂಗ್ ಹೈ, ಬಾಯಿ!" ಎಂದರು. ನಾವೂ ನಕ್ಕೆವು. ಅಕ್ಕ ನಗುತ್ತಲೇ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು, ಬಹಳ ಹೊತ್ತು ಹೊರಗೆ ಬರಲಿಲ್ಲ.

ಬಿಲ್ಡಿಂಗ್ ಬಿತ್ತು. ಗುಂಡಿ ತೋಡಿದರು. ನಂತರ ಕೆಲಸ ನಿಂತುಹೋಯಿತು. ಬಿಲ್ಡರನಿಗೂ ಇನ್ಯಾರಿಗೋ ಕೋರ್ಟಿನಲ್ಲಿ ಜಗಳವಂತೆ. ಮಳೆಗಾಲಗಳು ಬಂದು ಹೋದವು, ಗುಂಡಿಯಲ್ಲಿ ನೀರು ನಿಂತು ಕಪ್ಪೆ ಕೂಗಿದವು... ಅಕ್ಕ ಫೋನ್ ಮಾಡಿದಾಗಲೆಲ್ಲ, "ಅಲ್ಲಿ ಹೋಗಿ ನೋಡಿದ್ರಾ? ಕಂಬ ಎದ್ದಿದ್ಯಾ?" ಎಂದು ಕೇಳುತ್ತಿದ್ದರು. ಸುಳ್ಳು ಹೇಳಲು ಬಾಯಿ ಬರುತ್ತಿರಲಿಲ್ಲ. ನೌಕೆಗಳ ಪೆಟ್ಟಿಗೆ ನನ್ನ ಕಪಾಟಿನ ಮೇಲೆ ಭದ್ರವಾಗಿತ್ತು. ಆಗಾಗ ತೆಗೆದು ಧೂಳು ಒರೆಸಿಡುತ್ತಿದ್ದೆ. ಆಡುವುದು ಹೇಗೆಂದು ಗೊತ್ತಿರಲಿಲ್ಲ.

ಹೀಗಿರುವಾಗ ಮೋಟರ್‌ಮನ್ ತೀರಿಕೊಂಡರು. ಹೃದಯದ ಕಾಯಿಲೆಯಿಂದ ಕೆಲವು ತಿಂಗಳು ಹಾಸಿಗೆ ಹಿಡಿದಿದ್ದರೆಂಬುದು ನನಗೆ ಆಗಲೇ ಗೊತ್ತಾದದ್ದು. ಅಕ್ಕ, ಹುಡುಗಿ, ನಾನು ಮೂವರೂ ಮನೆಯವರನ್ನು ಮಾತನಾಡಿಸಲು ದಾದರಿಗೆ ಹೋದೆವು. ಹೊರಡುವ ಮುಂಚೆ ಅಕ್ಕ ಸಂಕೋಚದಿಂದಲೇ ರೋಬೋಗಳ ಪೆಟ್ಟಿಗೆಯ ವಿಷಯ ಎತ್ತಿದರು. ಸೊಸೆ ಪಾಪ, ಒಳ್ಳೆಯ ಹೆಂಗಸು. ಮಾವನಿಗೆ ಆಸ್ಪತ್ರೆಯ ಮಂಚ ಹಾಕಲು ಕೋಣೆ ಖಾಲಿ ಮಾಡುವಾಗ ಹಳೆಯ ಸಾಮಾನುಗಳ ಜೊತೆ ಅದನ್ನೂ ಗುಜರಿಯ ಭಂಗಾರ್‌ವಾಲಾನಿಗೆ ಹಾಕಿಬಿಟ್ಟಿದ್ದರು. "ಕೈಯೆಲ್ಲ ಮುರಿದು ಬಿದ್ದಿದ್ದ ಆಟಿಕೆಗಳು, ಅರ್ಧ ಬಣ್ಣವೂ ಹೋಗಿತ್ತು. ಯಾರಿಗೆ ಬೇಕು ಅಂದುಕೊಂಡೆ," ಎಂದು ಹಿಂದಿಯಲ್ಲಿ ಹೇಳಿ, ನಮ್ಮ ಮುಖ ನೋಡಿ ಗಾಬರಿಯಾದರು. ಮಲಗಿದ್ದ ಮಾವನಿಗೆ ಅದು ಗೊತ್ತೇ ಆಗಿರಲಿಲ್ಲ.

ಹುಡುಗಿ ಎಲ್ಲರಿಗಿಂತ ಮೊದಲು ಎದ್ದು ಆ ಮನೆಯಿಂದ ಹೊರಬಂದಳು. ದಾದರಿನ ಪಾದಚಾರಿ ಸೇತುವೆಯ ಮೇಲೆ, ಅಷ್ಟು ಜನರ ನೂಕುನುಗ್ಗಲಿನ ನಡುವೆ ನಿಂತು ಅತ್ತುಬಿಟ್ಟಳು.

"ಪೂರಾ ಪೇಂಟ್ ಆಗಿದ್ದಿದ್ರೆ ಯಾರೂ ಎಸೀತಿರ್ಲಿಲ್ಲ ಅಕ್ಕಾ. ಹಾತ್ ಅಂಟಿಸಿದ್ರೆ ಸಾಕಿತ್ತು..."

ಅಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತರು. ಜನ ನಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದರು.

ಅದಾದ ಮೇಲೆ ಒಂದು ರಜೆಯ ದಿನ ನಾನು ದಹಿಸರಿಗೆ ಹೋದೆ. ಅಕ್ಕ ಹುಡುಗಿಯ ಬಳಿಯಿಂದ ಆನೆಗಳನ್ನು ತರಿಸಿಕೊಂಡಿದ್ದರು. ಕಿಟಕಿಯ ಕಟ್ಟೆಯ ಮೇಲೆ ಒಂದೇ ಒಂದು ಆನೆ ನಿಂತಿತ್ತು, ಅಕ್ಕ ಮಂಚದ ತುದಿಗೆ ಕೂತು ಅದನ್ನು ನೋಡುತ್ತಿದ್ದರು. ಮಡಿಲಲ್ಲಿ ಎರಡೂ ಕೈ ಸುಮ್ಮನೆ ಬಿದ್ದಿದ್ದವು.

"ಏನ್ ಮಾಡಾಕತ್ತೀರಿ ಅಕ್ಕಾರ?"

"ಒಣಗ್ತಾ ಇದೆ," ಎಂದರು. "ಇನ್ಮೇಲೆ ಒಂದೇ. ಒಂದು ಪೂರ್ತಿ ಮುಗಿದ್ಮೇಲೇ ಇನ್ನೊಂದು."

ಮುಗಿದಿದ್ದ ಆನೆಗಳನ್ನು ತೋರಿಸಿದರು. ಅಂಬಾರಿಯ ಝಾಲರಿಯಿಂದ ಹಿಡಿದು ಕಾಲಿನ ಉಗುರಿನವರೆಗೆ ಎಲ್ಲ ಅಚ್ಚುಕಟ್ಟು. ಚೆನ್ನಾಗಿವೆ ಎಂದೆ. ಚೆನ್ನಾಗಿಯೇ ಇದ್ದವು. ಆದರೆ ಅಕ್ಕ ಅವುಗಳನ್ನು ಆಫೀಸಿನ ಫೈಲಿನ ಹಾಗೆ ಎತ್ತಿ ಇಡುತ್ತಿದ್ದರು. ಹಿಂದೆ ಇದೇ ಕೈ ಆನೆ ಎತ್ತಿದರೆ ಅದು ಘೀಳಿಡುವುದೂ ಕೇಳುತ್ತಿತ್ತು, ಬಾಯಲ್ಲೇ ಶಬ್ದ ಮಾಡುತ್ತಿದ್ದರು...

"ಇಲ್ಲೇ ಮಂಚದ ಮ್ಯಾಲ ಒಂದ್ ಆಟ ಆಡೂಣೇನ್ರಿ?" ಎಂದೆ.

"ಬೇಡ. ಮಂಚದ ಮೇಲೆ ಆಡೋದಲ್ಲ ಅದು."

"ಹಂಗಾದ್ರ ಹಡಗಾ ತಂದು ಕೊಡ್ಲಿ? ನನ್ನ ಹತ್ರ ಸುಮ್ನ ಕುಂತಾವ."

ಅಕ್ಕ ಮುಗಿದ ಆನೆಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದರು. ಆಮೇಲೆ ಹೇಳಿದರು. ಹಾಸಿಗೆ ಹಿಡಿದ ಮೇಲೆ ಮೋಟರ್‌ಮನ್ ಒಮ್ಮೆ ಫೋನ್ ಮಾಡಿದ್ದರಂತೆ. ಆಡಲು ಆಗುವುದಿಲ್ಲ, ನೌಕೆಗಳನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ನೋಡುತ್ತೇನೆ, ಕಳಿಸಿಕೊಡಿ ಎಂದು ಕೇಳಿದ್ದರಂತೆ.

"ನಾನೇನಂದೆ ಗೊತ್ತಾ? ಹೊಸ ಮನೆಗೆ ಹೋದ ತಕ್ಷಣ ಆಡೋಣ, ಅಲ್ಲಿವರೆಗೂ ಗಟ್ಟಿಯಾಗಿರಿ ಅಂದೆ. ಕಾಯೋದಕ್ಕೆ ಏನಾದ್ರೂ ಇದ್ರೆ ಮನುಷ್ಯ ಎದ್ದು ಕೂರ್ತಾನೆ ಅಂದ್ಕೊಂಡೆ ರೀ. ಈಗ ಕೊಟ್ಬಿಟ್ರೆ, ಇನ್ನು ಸಾಯ್ತಾರೆ ಅಂತ ನಾನೇ ಒಪ್ಕೊಂಡ ಹಾಗೆ ಅಲ್ವಾ?" ಎಂದರು. ಕಿಟಕಿಯ ಆನೆಯತ್ತ ತಿರುಗಿ, "ಮತ್ತೆ ಕೇಳಲಿಲ್ಲ ಅವರು," ಎಂದರು.

ನನಗೊಂದು ಮಾತು ಹೇಳಿದ್ದರೆ ಸಾಕಿತ್ತು. ಪಾರ್ಲೆಯಿಂದ ದಾದರು ಎಷ್ಟು ದೂರ? ಮುಂದಿನ ಲೋಕಲ್ ಹತ್ತಿ ಕೊಟ್ಟು ಬರುತ್ತಿದ್ದೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿ ಏನಾಗಬೇಕಿತ್ತು? ಅವರಿಗೆ ಅದು ಗೊತ್ತಿತ್ತು.

"ಅವು ನಿಮ್ಮ ಹತ್ರಾನೇ ಇರ್ಲಿ. ನನಗೆ ನೋಡಕ್ಕಾಗಲ್ಲ," ಎಂದು ಅಕ್ಕ ಎದ್ದು ಚಹಾಕ್ಕೆ ನೀರಿಟ್ಟರು.

ಟವರಿನ ಕೆಲಸ ಮತ್ತೆ ಶುರುವಾದ ವರ್ಷವೇ ಅಕ್ಕ ಹೋದರು. ಆಫೀಸಿಗೆ ಹೊರಟವರು ಮೆಟ್ಟಿಲ ಮೇಲೆ ಕುಸಿದರು, ಆಸ್ಪತ್ರೆ ತಲುಪುವುದರೊಳಗೆ ಮುಗಿದಿತ್ತು. ಕಂಬ ಎದ್ದಿದೆ ಎಂದು ಆ ಹಿಂದಿನ ವಾರವಷ್ಟೇ ನಾನು ಫೋನಿನಲ್ಲಿ ಹೇಳಿದ್ದೆ. "ಹೌದಾ?" ಎಂದಿದ್ದರು, ಇನ್ಯಾರದೋ ಮನೆಯ ಸುದ್ದಿ ಕೇಳಿದ ಹಾಗೆ. ಫ್ಲ್ಯಾಟು ಮೈಸೂರಿನ ತಂಗಿಗೆ ಹೋಯಿತು. ಅವರು ಬಾಡಿಗೆಗೆ ಕೊಟ್ಟಿದ್ದಾರೆ.

ಹುಡುಗಿಗೆ ಆಮೇಲೆ ಪುಣೆಯಲ್ಲಿ ಕೆಲಸವಾಯಿತು. ಹೋಗುವ ಮುಂಚೆ ದಾದರ್ ಸ್ಟೇಷನ್ನಿಗೆ ಬರಲು ಹೇಳಿದಳು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ಅಕ್ಕನ ಕೋಣೆಯಿಂದ ತಂದಿಟ್ಟುಕೊಂಡಿದ್ದ ಆನೆಗಳ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

"ಇದು ನಿಮ್ದು ಅಂಕಲ್. ಸಬ್ ಪೂರಾ ಹೈ. ಲಾಸ್ಟ್‌ದೂ ಮುಗಿಸಿದ್ರು ಅಕ್ಕ."

ಪೆಟ್ಟಿಗೆ ತೆಗೆದುಕೊಂಡೆ. ಪ್ರತಿಯಾಗಿ ಅವಳ ಕೈಗೆ ಏನಾದರೂ ಇಡಬೇಕೆಂದು ಜೀವ ಒದ್ದಾಡಿತು. ಅವಳದು ಅಂತ ಏನೂ ಉಳಿದಿರಲಿಲ್ಲ. ನೌಕೆ ಬೇಕೇನಮ್ಮಾ ಎಂದೆ. ಬೇಡವೆಂದು ತಲೆಯಾಡಿಸಿದಳು. "ನಂಗೆ ಶಿಪ್ ಆಡೋಕೆ ಬರಲ್ಲ ಅಂಕಲ್." ನನಗೂ ಬರುತ್ತಿರಲಿಲ್ಲ. ಮೂರೂ ಆಟ ಬರುತ್ತಿದ್ದುದು ಒಬ್ಬರಿಗೇ.

ಈಗ ಎರಡೂ ಪೆಟ್ಟಿಗೆಗಳು ನನ್ನ ಕಪಾಟಿನ ಮೇಲಿವೆ. ಇತ್ತೀಚೆಗೆ ಸಹೋದ್ಯೋಗಿಯೊಬ್ಬರು ಮನೆಗೆ ಬಂದಾಗ ಕುತೂಹಲದಿಂದ ಕೇಳಿದರು. ಆನೆಗಳನ್ನು ತೆಗೆದು ಮೇಜಿನ ಮೇಲೆ ಹೂಡಿದೆ. ಹೀಗೆ ಸರಿಸಬೇಕು, ಹೀಗೆ ಅಳೆಯಬೇಕು, ಬಾಣ ಬಿದ್ದ ಆನೆ ಹಿಂದಿರುಗಿ ತನ್ನವರನ್ನೇ ತುಳಿಯಬಹುದು ಎಂದು ವಿವರಿಸತೊಡಗಿದೆ. ಯಾವಾಗ ತುಳಿಯುತ್ತದೆ, ಯಾವಾಗ ಇಲ್ಲ ಎಂದು ಅವರು ಕೇಳಿದರು. ಹೇಳಲು ಹೋಗಿ ನಿಂತೆ. ಒಂದು ಭಾನುವಾರ ತುಳಿಯುತ್ತಿತ್ತು, ಇನ್ನೊಂದು ಭಾನುವಾರ ಇಲ್ಲ. ನಾನು ಸೋಲುತ್ತಿದ್ದಾಗ ನನ್ನ ಆನೆ ಯಾವತ್ತೂ ನನ್ನವರನ್ನು ತುಳಿದಿರಲಿಲ್ಲ. "ಈ ಆನೆ ಪಳಗಿದ್ದು ರೀ, ಹಾಗೆಲ್ಲ ಓಡಲ್ಲ," ಎಂದು ಅಕ್ಕ ಆ ಹೊತ್ತಿಗೆ ಹೊಸ ನಿಯಮವೊಂದನ್ನು ಹೇಳಿಬಿಡುತ್ತಿದ್ದರು. ಅದನ್ನೇ ನಾನು ಅಷ್ಟೂ ವರ್ಷ ಆಟದ ನಿಯಮವೆಂದು ನಂಬಿದ್ದೆ. ಮೋಟರ್‌ಮನ್ನರಿಗೂ, ಆ ಹುಡುಗಿಗೂ ಏನೇನು ಹೇಳಿದ್ದರೋ...

"ಪೇಂಟಿಂಗ್ ಮಾತ್ರ ಚೆನ್ನಾಗಿದೆ," ಎಂದು ಸಹೋದ್ಯೋಗಿ ಆನೆಯನ್ನು ಮೆಲ್ಲಗೆ ಕೆಳಗಿಟ್ಟರು. ಹೌದೆಂದೆ. ಅವರು ಹೋದ ಮೇಲೆ ಎಲ್ಲವನ್ನೂ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ. ಇನ್ನು ಯಾರಿಗೂ ಆ ಆಟವನ್ನು ಕಲಿಸುತ್ತೇನೆಂದು ಹೇಳಲಾರೆ. ಅದು ನನಗೆ ಬರುವುದಿಲ್ಲ.