ಕೆಂಪು ಔಷಧ ಕೂರುವ ಜಾಗ

ನನ್ನ ಅತ್ತೆಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾದಾಗ ನಾನು ಅಥಣಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಔಷಧದ ಸಣ್ಣ ಅಣುಗಳು ಡಿಎನ್ಎಯನ್ನು ಹೇಗೆ ಗುರುತಿಸಿ ಹಿಡಿಯುತ್ತವೆ ಎಂಬುದೇ ನನ್ನ ಪಿಎಚ್.ಡಿ. ವಿಷಯ. ಅಂಥದೇ ಒಂದು ಔಷಧ ಮನೆಯವರೊಬ್ಬರ ಮೈಗಿಳಿಯುವುದನ್ನು ಪಕ್ಕದಲ್ಲಿ ಕೂತು ನೋಡಬೇಕಾಗುತ್ತದೆ ಎಂದು ಎಣಿಸಿರಲಿಲ್ಲ.

ಕಾಗವಾಡದ ನಮ್ಮ ಮನೆಯಿಂದ ಮೀರಜ್ ದೂರವಲ್ಲ. ಅಲ್ಲಿಯ ಆಸ್ಪತ್ರೆಯಲ್ಲಿ ಕೆಂಪು ಔಷಧವನ್ನು ನಿಧಾನವಾಗಿ ಅತ್ತೆಯ ನರಕ್ಕೆ ಬಿಡುತ್ತಿದ್ದರು. ಮೊದಲ ಸಲ ಗಟ್ಟಿಯಾಗಿಯೇ ಇದ್ದರು. ಎರಡನೆಯದಾದ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರಿತು. ಬಾಯಲ್ಲಿ ಹುಣ್ಣೆದ್ದು, ಹಾಲಲ್ಲಿ ನೆನೆಸಿದ ರೊಟ್ಟಿಯೂ ಗಂಟಲಿಗಿಳಿಯಲಿಲ್ಲ. ಇನ್ನು ಬರುವುದಿಲ್ಲ ಎಂದುಬಿಟ್ಟರು. ನನ್ನ ಗಂಡ, ಮಾವ ಇಬ್ಬರೂ ಹೇಳಿ ಹೇಳಿ ಸೋತರು.

ಮರುದಿನ ಗಂಜಿ ಕೊಡಲು ಹೋದಾಗ ಅತ್ತೆ ನನ್ನನ್ನೇ ಕೇಳಿದರು:

"ನೀ ಇದನ್ನ ಓದಿದಾಕಿ. ಆ ಔಷಧಕ್ಕ ಕೆಟ್ಟದ್ ಯಾವದು, ಛಲೋದ್ ಯಾವದು ಅಂತ ತಿಳಿತೈತೇನು?"

ಹೌದೆಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಿ ಒಪ್ಪಿಸಬಾರದು ಎಂದು ಮನಸ್ಸು ಗಟ್ಟಿಮಾಡಿದೆ.

"ಇಲ್ರಿ ಅತ್ತಿ. ಅದಕ್ಕ ಡಿಎನ್ಎ ಅಷ್ಟ ಗೊತ್ತು."

ಮಂಚದ ತುದಿಯಲ್ಲಿ ಕೂತು ಬಿಡಿಸಿ ಹೇಳಿದೆ. ಜೀವಕೋಶದೊಳಗಿನ ಡಿಎನ್ಎ ತಿರುಚಿದ ಏಣಿಯ ಹಾಗೆ. ಈ ಔಷಧದ ಅಣು ಚಪ್ಪಟೆ. ಏಣಿಯ ಎರಡು ಮೆಟ್ಟಿಲುಗಳ ನಡುವೆ ನುಸುಳಿ ಕೂರುತ್ತದೆ. ಅದರ ಇನ್ನೊಂದು ತುಂಡು ಏಣಿಯ ಪಕ್ಕದ ಸಂದಿಯನ್ನು ಹಿಡಿದುಕೊಳ್ಳುತ್ತದೆ. ಆಗ ಜೀವಕೋಶಕ್ಕೆ ಒಂದು ಎರಡಾಗಲು ಬರುವುದಿಲ್ಲ, ಸಾಯುತ್ತದೆ. ಗಡ್ಡೆಯ ಕೋಶಗಳು ಬಿಡುವಿಲ್ಲದೆ ಎರಡಾಗುತ್ತಲೇ ಇರುತ್ತವೆ, ಅದಕ್ಕೇ ಅವಕ್ಕೆ ಪೆಟ್ಟು ಹೆಚ್ಚು. ಕೂದಲ ಬುಡ, ಬಾಯಿಯ ಒಳಚರ್ಮವೂ ಹಾಗೆಯೇ ಬೇಗ ಬೆಳೆಯುವಂಥವು. ಅವೂ ಸಾಯುತ್ತವೆ, ಆದರೆ ಮತ್ತೆ ಹುಟ್ಟುತ್ತವೆ.

ಅದು ಹಾಗೆ ಕೂರುವುದನ್ನು ಕಣ್ಣಾರೆ ನೋಡಬೇಕು ಎಂದರು ಅತ್ತೆ.

ಪ್ರಾಂಶುಪಾಲರ ಒಪ್ಪಿಗೆ ಪಡೆದು, ಯಾರೂ ಇಲ್ಲದ ರವಿವಾರ ಅತ್ತೆಗೆ ಮಾಸ್ಕ್ ಹಾಕಿಸಿ ಲ್ಯಾಬಿಗೆ ಕರೆದೊಯ್ದೆ. ಔಷಧವಲ್ಲ, ಅದರಂತೆಯೇ ಮೆಟ್ಟಿಲುಗಳ ನಡುವೆ ಕೂರುವ ಒಂದು ಬಣ್ಣ ತೆಗೆದುಕೊಂಡೆ. ಅವರನ್ನು ಗಾಜಿನ ಆಚೆ ಕೂರಿಸಿ, ಕಿಟಕಿ ಮುಚ್ಚಿ ನೇರಳಾತೀತ ದೀಪ ಹಚ್ಚಿದೆ. ಕೊಳವೆಯಲ್ಲಿ ಬಣ್ಣ ಮಂಕಾಗಿತ್ತು. ಡಿಎನ್ಎಯ ದ್ರಾವಣ ಬೆರೆಸಿದ್ದೇ ಕಿತ್ತಳೆಯಾಗಿ ಹೊಳೆಯಿತು.

"ಒಳಗ ಕುಂತಿತೇನು?" ಎಂದರು.

"ಕುಂತೈತ್ರಿ."

"ಹಂಗಾರ ನಾಳೆ ಮೀರಜಿಗೆ ಹೋಗೂಣು."

ಮುಂದಿನದು ಸಲೀಸಾಗಿರಲಿಲ್ಲ. ಒಮ್ಮೆ ರಕ್ತದ ಬಿಳಿಕಣ ಇಳಿದು ಔಷಧವನ್ನು ಮುಂದೂಡಿದರು. ಅತ್ತೆ ಒಂದು ಸರದಿಯನ್ನೂ ಬಿಡಲಿಲ್ಲ. ಶಸ್ತ್ರಚಿಕಿತ್ಸೆಯೂ ಆಯಿತು. ಈವರೆಗಿನ ತಪಾಸಣೆಗಳಲ್ಲಿ ರೋಗ ಮತ್ತೆ ಕಂಡಿಲ್ಲ.

ನಮ್ಮ ಓಣಿಯ ಹೆಂಗಸೊಬ್ಬಳಿಗೆ ಈಗ ಅದೇ ಚಿಕಿತ್ಸೆ ಶುರುವಾಗಿದೆ. ಅವಳ ಜೊತೆ ಬಸ್ಸಿನಲ್ಲಿ ಅತ್ತೆಯೇ ಹೋಗುತ್ತಾರೆ. ಕೂದಲು ಉದುರುತ್ತದೆ ಎಂದು ಮೊದಲೇ ಹೇಳಿಟ್ಟಿದ್ದಾರೆ, ಯಾಕೆ ಎಂಬುದನ್ನೂ.